ನಕಲಿ ಪಚ್ಚೆ

ನಕಲಿ ಮಾಲನ್ನು ಗುರುತಿಸುವುದರಲ್ಲಿ ನಮ್ಮ ಮಲೆನಾಡಿನ ಜನ ಹಿಂದೆ ಬಿದ್ದವರಲ್ಲ. ಕರಿಮೆಣಸಿನೊಳಗೆ ಒಣಗಿಸಿದ ಪರಂಗಿ ಬೀಜವನ್ನು ಬೆರೆಸಿ ಮಾರುವ ವಿದ್ಯೆ ಬಹಳ ಹಳೆಯದು. ಅದನ್ನು ಹಿಡಿಯುವ ವಿದ್ಯೆಯೂ ಅಷ್ಟೇ ಹಳೆಯದು. ಒಂದು ಹಿಡಿ ಮೆಣಸನ್ನು ನೀರಿನ ಲೋಟಕ್ಕೆ ಹಾಕಿದರೆ ಒಳ್ಳೆಯ ಮೆಣಸು ತಳ ಸೇರುತ್ತದೆ, ಪರಂಗಿ ಬೀಜ ಮೇಲೆ ತೇಲುತ್ತದೆ. ಕಾಫಿ ಪುಡಿಯ ರೀತಿ ಇದಕ್ಕೆ ನೇರ ವಿರುದ್ಧ. ನೀರಿನ ಮೇಲೆ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿಯಾದರೋ ಬಣ್ಣದ ಗೆರೆ ಎಳೆಯುತ್ತ ಮುಳುಗುತ್ತದೆ. ಒಂದು ಲೋಟದಲ್ಲಿ ಮುಳುಗಿದ್ದು ಸತ್ಯ, ಪಕ್ಕದ ಲೋಟದಲ್ಲಿ ತೇಲಿದ್ದು ಸತ್ಯ! ಸತ್ಯಕ್ಕೆ ಒಂದೇ ಲಕ್ಷಣವನ್ನು ಹೇಳಿಕೊಡುವ ನಮ್ಮ ಉಪನ್ಯಾಸಕರು ಒಮ್ಮೆ ಸಕಲೇಶಪುರದ ಕಡೆಯ ಅಡಿಗೆಮನೆಗಳಿಗೆ ದಯಮಾಡಿಸಬೇಕೆಂದು ನನ್ನ ವಿನಂತಿ.

ಈ ಪರೀಕ್ಷೆಗಳೆಲ್ಲಕ್ಕೂ ಎರಡು ಅನುಕೂಲಗಳು ಬೇಕು. ಪದಾರ್ಥ ನಮ್ಮ ಅಂಗೈ ಮೇಲಿರಬೇಕು. ಮಾರುವವನ ಮುಖ ನಮ್ಮ ಕಣ್ಣೆದುರಿಗಿರಬೇಕು. ಈ ಸಂತೆಯಲ್ಲಿ ಪರಂಗಿ ಬೀಜ ಮಾರಿದವನು ಮುಂದಿನ ಸಂತೆಗೂ ಅದೇ ಮರದ ಕೆಳಗೆ ಬಂದು ಕೂರಬೇಕಲ್ಲ! ಆ ಅಂಜಿಕೆಯೇ ವ್ಯಾಪಾರದ ಅರ್ಧ ಧರ್ಮವನ್ನು ಕಾಪಾಡುತ್ತದೆ. ಪದಾರ್ಥದ ಬದಲಿಗೆ ಅದರ ಚಿತ್ರವೂ, ಮುಖದ ಬದಲಿಗೆ ಬರಿಯ ಒಂದು ಹೆಸರೂ ಉಳಿದರೆ ಏನಾಗುತ್ತದೆಂಬುದನ್ನು ನನ್ನ ತಮ್ಮ ಆನ್‌ಲೈನಿನಲ್ಲಿ ಕೊಂಡ ಒಂದು ವಿಡಿಯೋ ಗೇಮು ನಮ್ಮ ಮನೆಯವರಿಗೆಲ್ಲ ಕಲಿಸಿತು. ಆ ಸಂಗತಿಯನ್ನು ಸಹಪಾಠಿಗಳ ಮುಂದಿಡುತ್ತೇನೆ.

ನಮ್ಮೂರು ಹೆಗ್ಗದ್ದೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು. ನಮ್ಮೂರನ್ನು ಮುಟ್ಟಲು ಅಲ್ಲಿಂದ ಮುಂದಕ್ಕೆ ಮತ್ತೊಂದು ಬಸ್ಸು. ಸುತ್ತಲೂ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಮಳೆಗಾಲದಲ್ಲಿ ಕರೆಂಟು ನೆಂಟರಂತೆ ಬಂದು ಹೋಗುತ್ತದೆ. ಫೋನಿಗೆ ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ದಿಬ್ಬವನ್ನು ಹತ್ತಬೇಕು. ಇಂಥ ಊರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಫೋನಿನ ಆಟಗಳಿಗಿಂತ ಹಳೆಯ ಕಾಲದ ಕೈಯಾಟದ ಯಂತ್ರವೇ ಹೆಚ್ಚು ಒಗ್ಗುತ್ತದೆಂಬುದು ಆಶ್ಚರ್ಯವಲ್ಲ.

ಆ ಯಂತ್ರ ನಮ್ಮ ಚಿಕ್ಕಪ್ಪ ದುಬೈಯಲ್ಲಿದ್ದಾಗ ಕೊಂಡದ್ದು. ಹೆಸರು ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ. ಜಪಾನಿನ ನಿಂಟೆಂಡೊ ಕಂಪನಿಯವರು 2003ರಲ್ಲಿ ಹೊರತಂದದ್ದು. ಮಡಿಚಿದರೆ ಎಲೆಯಡಿಕೆ ಡಬ್ಬಿಯಂತೆ ಕಾಣುತ್ತದೆ. ಅಜ್ಜಿ ಮೊದಲ ದಿನ ಅದನ್ನು ತೆರೆದು, ಒಳಗೆ ಸುಣ್ಣವೂ ಇಲ್ಲ ಅಡಿಕೆಯೂ ಇಲ್ಲವೆಂದು ಬೇಸರಪಟ್ಟು ಮುಚ್ಚಿಟ್ಟರು. ಒಮ್ಮೆ ಚಾರ್ಜು ಮಾಡಿದರೆ ಹಲವು ಗಂಟೆ ನಡೆಯುತ್ತದೆ, ಸಿಗ್ನಲ್ಲಿನ ಹಂಗೂ ಇಲ್ಲ. ಆಟವೊಂದಕ್ಕೆ ಒಂದು ಕ್ಯಾಸೆಟ್ಟು. ಅದು ಬೆಂಕಿಪೊಟ್ಟಣಕ್ಕಿಂತ ತುಸು ಅಗಲ, ಆದರೆ ತೆಳು. ಚಿಕ್ಕಪ್ಪ ಕೊಟ್ಟದ್ದು ಒಂದೇ ಕ್ಯಾಸೆಟ್ಟು, ಕಾರಿನ ಪಂದ್ಯದ್ದು. ಅದನ್ನು ನನ್ನ ತಮ್ಮ ಕಣ್ಣು ಮುಚ್ಚಿಕೊಂಡೇ ಗೆಲ್ಲಬಲ್ಲವನಾಗಿದ್ದ.

ಅವನ ಮನಸ್ಸೆಲ್ಲ ಪೋಕೆಮಾನ್ ಎಮರಾಲ್ಡ್ ಎಂಬ ಆಟದ ಮೇಲಿತ್ತು. ಎಮರಾಲ್ಡ್ ಎಂದರೆ ಪಚ್ಚೆ. ಜಪಾನಿನಲ್ಲಿ 2004ರಲ್ಲಿಯೂ ಅಮೆರಿಕ, ಯೂರೋಪುಗಳಲ್ಲಿ 2005ರಲ್ಲಿಯೂ ಬಿಡುಗಡೆಯಾದ ಆಟ. ಒಂದು ಪುಟ್ಟ ಪ್ರಾಣಿಯನ್ನು ಜೊತೆಗೆ ಕಟ್ಟಿಕೊಂಡು ಊರೂರು ಅಲೆಯುವುದು, ದಾರಿಯಲ್ಲಿ ಸಿಕ್ಕ ಇನ್ನಷ್ಟು ಪ್ರಾಣಿಗಳನ್ನು ಸಾಕಿ ಪಳಗಿಸುವುದು, ಎಂಟು ಊರುಗಳ ಗುರುಗಳನ್ನು ಗೆದ್ದು ಎಂಟು ಬಿಲ್ಲೆಗಳನ್ನು ಪಡೆಯುವುದು, ಕೊನೆಗೆ ನಾಲ್ವರು ಮಹಾರಥರನ್ನೂ ಅವರ ಮೇಲಿನ ಚಾಂಪಿಯನ್ನನನ್ನೂ ಸೋಲಿಸುವುದು, ಇದು ಕಥೆ. ಆ ನಾಡಿನಲ್ಲಿ ಮಳೆ ಬಿಡದೆ ಸುರಿಯುವ ದಾರಿಯೊಂದಿದೆ, ಮರಗಳ ಮೇಲೆ ಮನೆ ಕಟ್ಟಿಕೊಂಡ ಊರೊಂದಿದೆ, ಅಲ್ಲಲ್ಲಿ ಹಣ್ಣಿನ ಬೀಜ ನೆಟ್ಟು ನೀರೆರೆದರೆ ಕೆಲವು ಗಂಟೆಗಳಲ್ಲಿ ಗಿಡ ಬೆಳೆದು ಹಣ್ಣು ಬಿಡುವ ಮಣ್ಣಿನ ಮಡಿಗಳಿವೆ. ಹೆಗ್ಗದ್ದೆಯ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು?

ಹಣ ಅವನದೇ. ನಮ್ಮ ಮನೆಯಲ್ಲಿ ಕೊಯ್ಲಿನ ಕಾಲದಲ್ಲಿ ಗಿಡದ ಬುಡಕ್ಕೆ ಉದುರಿದ ಕಾಫಿ ಹಣ್ಣನ್ನು ಯಾರು ಆಯ್ದರೂ ಅದು ಅವರ ಪಾಲು. ರಜದ ದಿನಗಳಲ್ಲಿ ಬಗ್ಗಿದ ಬೆನ್ನು ಎತ್ತದೆ ಹೆಕ್ಕಿ, ಕಣದ ಮೂಲೆಯಲ್ಲಿ ಬೇರೆಯಾಗಿಯೇ ಒಣಗಿಸಿ, ಅಪ್ಪನ ಮೂಟೆಗಳ ಜೊತೆ ಮಾರಿಸಿ ಅವನು 1,650 ರೂಪಾಯಿ ಕೂಡಿಸಿದ್ದ. ಮಾರ್ಚಿ ತಿಂಗಳಲ್ಲಿ ಅಪ್ಪನ ಫೋನನ್ನು ಹಿಡಿದು ದಿಬ್ಬ ಹತ್ತಿ, ದೊಡ್ಡದೊಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದ. ಅಲ್ಲಿ ಮಾರುವವರು ಅಂಗಡಿಯವರೇ ಅಲ್ಲ. ಆ ಮಾಡಿನ ಕೆಳಗೆ ಸಾವಿರಾರು ಜನ ತಮ್ಮ ತಮ್ಮ ಮಾಲು ಹರಡಿಕೊಂಡಿರುತ್ತಾರೆ. ಅವರಲ್ಲೊಬ್ಬನ ಬಳಿ "ಅಸಲಿ, ಹೊಚ್ಚ ಹೊಸದು" ಎಂಬ ಬರಹದೊಂದಿಗೆ ಹಸಿರು ಕ್ಯಾಸೆಟ್ಟಿನ ಅಂದವಾದ ಚಿತ್ರವಿತ್ತು. ಬೆಲೆ 1,499. ಐದು ದಿನದಲ್ಲಿ ಹೆದ್ದಾರಿಯ ಪಕ್ಕದ ಅಂಗಡಿಗೆ ಪೊಟ್ಟಣ ಬಂತು.

ಮೊದಲನೆಯ ದಿನವೇ ತೆರೆಯ ಮೇಲೆ ಒಂದು ಸೂಚನೆ ಮೂಡಿತಂತೆ: ಒಳಗಿನ ಬ್ಯಾಟರಿ ಮುಗಿದಿದೆ, ಆಟವಾಡಬಹುದು, ಆದರೆ ಗಡಿಯಾರವನ್ನು ನಂಬಿದ ಸಂಗತಿಗಳು ನಡೆಯುವುದಿಲ್ಲ ಎಂದು. ತಮ್ಮ ಕೂಡಲೇ ಮಾರಿದವನಿಗೆ ಬರೆದು ಕೇಳಿದ. "ಹಳೆಯ ಕ್ಯಾಸೆಟ್ಟುಗಳಲ್ಲಿ ಇದು ಸಾಮಾನ್ಯ" ಎಂಬ ಉತ್ತರ ಬಂತು. ತರ್ಕಶಾಸ್ತ್ರದಲ್ಲಿ ಉಭಯತೋಪಾಶವೆಂದು ಓದುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಾಲು ಹೊಸದಾದರೆ ಬ್ಯಾಟರಿ ಮುಗಿದಿರಕೂಡದು. ಹಳೆಯದಾದರೆ ಅದನ್ನು ಹೊಚ್ಚ ಹೊಸದೆಂದು ಕರೆದಿರಕೂಡದು. ಆದರೆ ಹದಿನಾಲ್ಕು ವರ್ಷದ ಹುಡುಗನ ಕೈಗೆ ಬಹುದಿನದ ಬಯಕೆ ಬಂದು ಕೂತಿರುವಾಗ ತರ್ಕಶಾಸ್ತ್ರ ಎಲ್ಲಿ ನಿಲ್ಲುತ್ತದೆ?

ಏಪ್ರಿಲಿನಲ್ಲಿ ನಾನು ಹಾಸ್ಟೆಲಿನಿಂದ ಊರಿಗೆ ಹೋದಾಗ ಅವನು ಜಗಲಿಯಲ್ಲಿ ಕೂತು ಚಿಂತಿಸುತ್ತಿದ್ದ.

"ಅಕ್ಕಾ, ನಾನು ನೆಟ್ಟಿದ್ ಬೀಜ ಒಂದೂ ಮೇಲೇಳ್ತಾ ಇಲ್ಲ. ಎಷ್ಟ್ ನೀರ್ ಹಾಕಿದ್ರೂ ಹಂಗೇ ಐತೆ" ಎಂದ.

ಒಳಗಿನಿಂದ ಅಪ್ಪನ ದನಿ ಬಂತು: "ಹೂ ಮಳೆ ಬೀಳ್ದೆ ಎಲ್ಲಾದ್ರೂ ಹಣ್ಣಾಗ್ತದೇನೋ? ತಡಿ, ಬರ್ಲಿ."

ಹೂ ಮಳೆ ಬಂತು. ನಮ್ಮ ತೋಟದ ಕಾಫಿ ಗಿಡಗಳೆಲ್ಲ ಬಿಳಿಯ ಹೂ ಹೊತ್ತು ನಿಂತವು. ಅವನ ಮಡಿಗಳಲ್ಲಿ ಮಾತ್ರ ಏನೂ ಏಳಲಿಲ್ಲ. ಆದರೂ ಅವನು ಬಿಡಲಿಲ್ಲ. ಮಡ್ಕಿಪ್ ಎಂಬ ನೀರಿನ ಮರಿಯೊಂದನ್ನು ಮೊದಲಿನಿಂದ ಸಾಕಿ ದೊಡ್ಡದು ಮಾಡಿದ್ದ. ಅದಕ್ಕೆ ನಮ್ಮ ಮನೆಯ ನಾಯಿಯ ಹೆಸರನ್ನೇ ಇಟ್ಟಿದ್ದ. ಎಂಟು ಬಿಲ್ಲೆಗಳೂ ಬಂದವು. ಇಪ್ಪತ್ತಾರನೆಯ ದಿನ ರಾತ್ರಿ, ಕರೆಂಟಿಲ್ಲದ ಮನೆಯಲ್ಲಿ, ಚಾಂಪಿಯನ್ನನನ್ನೂ ಸೋಲಿಸಿದ. ಅಜ್ಜಿಯಾದಿಯಾಗಿ ನಾವೆಲ್ಲ ಅವನ ಹಿಂದೆ ನಿಂತು ನೋಡಿದೆವು. ಗೆದ್ದವರ ಪಟ್ಟಿಗೆ ಅವನ ಹೆಸರನ್ನು ಸೇರಿಸಿ ಆಟವನ್ನು ಉಳಿಸಿಕೊಳ್ಳುವ ಘಳಿಗೆಯಲ್ಲಿ ತೆರೆ ನಿಂತುಹೋಯಿತು. ಆರಿಸಿ ಹೊತ್ತಿಸಿದಾಗ ಅಲ್ಲಿ ಏನೂ ಇರಲಿಲ್ಲ. ಹೊಸ ಆಟ ಪ್ರಾರಂಭಿಸಬೇಕೇ ಎಂದು ಕೇಳುತ್ತಿತ್ತು, ಅಷ್ಟೆ. ಅರವತ್ತೊಂದು ಗಂಟೆಗಳ ಆಟವೂ, ನಾಯಿಯ ಹೆಸರಿನ ಮರಿಯೂ ಹೋಗಿದ್ದುವು. ಅವನು ಅಳಲಿಲ್ಲ. ಯಂತ್ರವನ್ನು ಮಡಿಚಿ, ಗೂಡಿನಲ್ಲಿಟ್ಟು, ಹೊದ್ದು ಮಲಗಿದ. ಅತ್ತಿದ್ದರೆ ಚೆನ್ನಾಗಿತ್ತೆಂದು ಅವ್ವ ಹೇಳಿದಳು.

ಹಾಸನಕ್ಕೆ ಹಿಂತಿರುಗುವಾಗ ಆ ಕ್ಯಾಸೆಟ್ಟನ್ನು ನಾನು ಜೊತೆಗೆ ತಂದೆ. ನಮ್ಮ ಹಾಸ್ಟೆಲಿನ ಗೆಳತಿಯೊಬ್ಬಳ ಅಣ್ಣ ಚಿಕ್ಕಂದಿನಲ್ಲಿ ಆಡಿದ ಅಸಲು ಎಮರಾಲ್ಡ್ ಅವಳ ಮನೆಯಲ್ಲಿತ್ತು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಅಸಲಿನ ಹೊರಕವಚ ಪಾರದರ್ಶಕ ಹಸಿರು. ಒಳಗಿನದೆಲ್ಲ ಮಸುಕಾಗಿ ಕಾಣುತ್ತದೆ. ನಮ್ಮದು ಮುಚ್ಚಿದ ಹಸಿರು. ಅಸಲಿನ ಚೀಟಿಯ ಮೇಲೆ ಎರಡು ಅಂಕೆಗಳನ್ನು ಮಸಿಯಿಲ್ಲದೆ ಒತ್ತಿರುತ್ತಾರೆ. ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಒತ್ತು. ನಮ್ಮದರಲ್ಲಿ ಅದಿಲ್ಲ. ಕೆಳಗಡೆ, ಯಂತ್ರಕ್ಕೆ ತಾಗುವ ಹೊಳೆಯುವ ಹಲ್ಲುಗಳ ಮೇಲ್ಭಾಗದಲ್ಲಿ, ಒಳಗಿನ ಹಲಗೆಯ ಮೇಲೆ ಅಸಲಿನಲ್ಲಿ ಕಂಪನಿಯ ಹೆಸರು ಕಾಣುತ್ತದೆ. ನಮ್ಮದರಲ್ಲಿ ಖಾಲಿ. ಹಿಂದಿನ ಮೂರು ಗೀರಿನ ತಿರುಪು ಮಾತ್ರ ಎರಡರಲ್ಲಿಯೂ ಒಂದೇ. ಆ ಗುಟ್ಟನ್ನು ನಕಲಿಯವನೂ ಕಲಿತಿದ್ದಾನೆ.

ಇದಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಮತ್ತೊಂದು. ಅಸಲು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದಾಗ ಅದೂ ಬ್ಯಾಟರಿ ಮುಗಿದಿದೆಯೆಂಬ ಅದೇ ಸೂಚನೆಯನ್ನು ತೋರಿಸಿತು! ವರ್ಷಗಳು ಕಳೆದ ಮೇಲೆ ಅಸಲಿಗೂ ಆ ಗತಿ ತಪ್ಪದು. ಆದರೆ ಅಸಲಿನಲ್ಲಿ ಬ್ಯಾಟರಿ ಇರುವುದು ಗಡಿಯಾರಕ್ಕಾಗಿ ಮಾತ್ರ. ಆಟದ ನೆನಪನ್ನು ಕಾಯುವುದು ವಿದ್ಯುತ್ತಿಲ್ಲದೆಯೂ ಬರೆದದ್ದನ್ನು ಹಿಡಿದಿಟ್ಟುಕೊಳ್ಳುವ ಬೇರೊಂದು ಚಿಪ್ಪು. ಆದ್ದರಿಂದ ಗೆಳತಿಯ ಅಣ್ಣ ಹುಡುಗನಾಗಿದ್ದಾಗ ಉಳಿಸಿದ ಆಟ, ಅವನಿಟ್ಟ ಹೆಸರುಗಳ ಸಮೇತ, ಹಾಗೆಯೇ ಇತ್ತು. ನಕಲಿ ತಯಾರಿಸುವವನು ಗಡಿಯಾರವನ್ನು ಅನೇಕ ಬಾರಿ ಕೂರಿಸುವುದೇ ಇಲ್ಲ. ನೆನಪಿನ ಚಿಪ್ಪಿನಲ್ಲಿಯೂ ಅಗ್ಗದ ದಾರಿ ಹಿಡಿಯುತ್ತಾನೆ. ಮುದಿಯಾದ ಅಸಲು ಹೊತ್ತನ್ನು ಮರೆತರೂ ಆಡಿದವನ ಹೆಸರನ್ನು ಮರೆಯದು. ನಮ್ಮ ಅಜ್ಜಿಗೂ ಈಗೀಗ ದಿನ ವಾರ ನೆನಪಿರುವುದಿಲ್ಲ, ಮೊಮ್ಮಕ್ಕಳ ಹೆಸರು ಮಾತ್ರ ತಪ್ಪುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಈ ನಕಲಿ ವ್ಯಾಪಾರದ ಚರಿತ್ರೆಯನ್ನು ಸ್ವಲ್ಪ ಓದಿದೆ. ನಿಂಟೆಂಡೊ 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ಮಾಡುವ ಕಾರ್ಖಾನೆಯಾಗಿ ಹುಟ್ಟಿತು. 1983ರಲ್ಲಿ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರವನ್ನು ಜಪಾನಿನಲ್ಲಿ ತಂದರು. ಅದೇ ವರ್ಷ ಅಮೆರಿಕದಲ್ಲಿ ಕಳಪೆ ಆಟಗಳು ಮಿತಿಮೀರಿ ತುಂಬಿ, ಜನ ಕೊಳ್ಳುವುದನ್ನೇ ಬಿಟ್ಟು, ಆ ಉದ್ಯಮವೇ ಕುಸಿದುಬಿತ್ತು. ಆದ್ದರಿಂದ 1985ರಲ್ಲಿ ಅಲ್ಲಿಗೆ ಹೋದಾಗ ನಿಂಟೆಂಡೊದವರು ತಮ್ಮ ಯಂತ್ರದೊಳಗೆ ಬೀಗದಂಥ ಚಿಪ್ಪೊಂದನ್ನಿಟ್ಟರು, ಪೆಟ್ಟಿಗೆಯ ಮೇಲೆ ಮುದ್ರೆ ಒತ್ತಿದರು. ಬೀಗ ಹುಟ್ಟಿದ ಮೇಲೆ ಕಳ್ಳಕೀಲಿ ಹುಟ್ಟದಿರುವುದುಂಟೆ?

ನಮ್ಮ ಯುವ ಉಪನ್ಯಾಸಕರಲ್ಲಿ ಹಲವರು 1990ರ ದಶಕದಲ್ಲಿ ಮಕ್ಕಳಾಗಿದ್ದವರು; ಈ ಸಾಲನ್ನು ಓದಿ ಅವರು ನಗುತ್ತಾರೆಂದು ಬಲ್ಲೆ. ಒಂದೇ ಕ್ಯಾಸೆಟ್ಟಿನಲ್ಲಿ 9999 ಆಟಗಳೆಂದು ಬರೆದು, ಒಳಗೆ ಬೆರಳೆಣಿಕೆಯ ಆಟಗಳನ್ನೇ ಹೆಸರು ಬದಲಿಸಿ ತಿರುಗಿಸುತ್ತಿದ್ದ ಆ ಟೀವಿ ಗೇಮುಗಳು ನಮ್ಮ ದೇಶದಲ್ಲೆಲ್ಲ ಹರಡಿದ್ದುವು. ಅವೂ ನಕಲಿಯೇ. ಆದರೆ ಹಬ್ಬದ ಹೊತ್ತಿಗೆ ಅದನ್ನು ಮನೆಗೆ ತಂದ ತಂದೆಗೆ, ಇದು ಜಪಾನಿನ ಇಂಥ ಕಂಪನಿಯ ಅಸಲು ಮಾಲೆಂದು ಯಾರೂ ಪ್ರಮಾಣ ಮಾಡಿರಲಿಲ್ಲ. ಆಟ ಮಾಡಿದವರಿಗೆ ಅನ್ಯಾಯವಾಯಿತು ನಿಜ, ಕೊಂಡವನಿಗೆ ವಂಚನೆಯಾಗಲಿಲ್ಲ. ನಮ್ಮ ಕಾಫಿಯ ಮಾತನ್ನೇ ತೆಗೆದುಕೊಳ್ಳಿ. ಚಿಕೋರಿ ಬೆರೆಸುವುದು ಅಪರಾಧವಲ್ಲ. ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಮೆಯಿರಕೂಡದು, ಯಾವುದು ಎಷ್ಟೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು ಎಂಬುದೇ ಕಾನೂನು. ಹೇಳಿ ಬೆರೆಸಿದರೆ ರುಚಿ, ಹೇಳದೆ ಬೆರೆಸಿದರೆ ಮೋಸ. ತಮ್ಮನಿಗೆ ಮಾರಿದವನು "ಅಸಲಿ" ಎಂಬ ಮೂರಕ್ಷರವನ್ನು ಬರೆಯದೆ 500 ರೂಪಾಯಿ ಹೇಳಿದ್ದರೆ, ಹುಡುಗ ಉದುರು ಹಣ್ಣಿನ ದುಡ್ಡನ್ನು ಬೇರೆಯ ರೀತಿ ಖರ್ಚು ಮಾಡುತ್ತಿದ್ದ.

ಮುಂದೇನು ಮಾಡುವುದೆಂಬ ಪ್ರಶ್ನೆ ಬಂತು. ಮಾಲು ಹಿಂತಿರುಗಿಸಲು ಆ ಅಂಗಡಿಯವರು ಇಟ್ಟಿದ್ದ ಗಡುವು ಏಳು ದಿನ. ಮೆಣಸಾದರೆ ಅರೆನಿಮಿಷದಲ್ಲಿ ತನ್ನ ಗುಣ ಹೇಳುತ್ತದೆ. ಈ ನಕಲಿ ತನ್ನ ಗುಣ ಹೇಳಲು ಇಪ್ಪತ್ತಾರು ದಿನ ತೆಗೆದುಕೊಂಡಿತ್ತು. ನಾನು ಮುಂದಿನ ವಾರ ಊರಿಗೆ ಹೋದಾಗ ತಮ್ಮ ಒಂದು ಉಪಾಯ ಹೂಡಿ ಕಾಯುತ್ತಿದ್ದ. ಹಳೆಯ ಸಾಮಾನು ಮಾರುವ ಇನ್ನೊಂದು ಕಡೆ ಈ ಕ್ಯಾಸೆಟ್ಟನ್ನು ತಾನೇ ಮಾರಿಬಿಡುವುದು. ಚಿತ್ರ ತೆಗೆದಾಗಿತ್ತು, 1,200 ರೂಪಾಯಿ ಬೆಲೆಯನ್ನೂ ಬರೆದಾಗಿತ್ತು. ಒಂದು ಗುಂಡಿ ಒತ್ತುವುದೊಂದೇ ಬಾಕಿ.

"ಕೊಳ್ಳೋನು ಯಾರೋ ಏನೋ ಅಕ್ಕಾ, ನಮ್ಗೇನ್ ಗೊತ್ತಾಗ್ತದೆ?" ಎಂದ.

ಅವನ ಬಾಯಿಂದ ಆ ಮಾತು ಬಂದಾಗ ನನಗೆ ಮೈ ಜುಮ್ಮೆಂದಿತು. ನಮಗೆ ಮಾರಿದವನೂ ಯಾವುದೋ ಊರಿನಲ್ಲಿ ಫೋನು ಹಿಡಿದು ಇದೇ ಮಾತನ್ನೇ ಆಡಿಕೊಂಡಿರಬೇಕು. ಅವನಿಗೂ ಯಾರೋ ಹೀಗೆಯೇ ದಾಟಿಸಿರಲೂಬಹುದು. ಹರಿದ ನೋಟು ಕೈಗೆ ಬಂದರೆ ಮುಂದಿನ ಬಸ್ಸಿನ ಕಂಡಕ್ಟರಿಗೆ ಮಡಿಚಿ ಕೊಡುವ ಜಾಣರು ನಮ್ಮಲ್ಲಿ ಕಡಮೆಯೇನಿಲ್ಲ. ಮುಖ ಕಾಣದಿದ್ದರೆ ಮೋಸಹೋಗುವುದು ಎಷ್ಟು ಸುಲಭವೋ ಮೋಸಮಾಡುವುದೂ ಅಷ್ಟೇ ಸುಲಭ. 1999ರ ವ್ಯಾಪಾರ ಮುದ್ರೆಗಳ ಕಾಯಿದೆಯ ಪ್ರಕಾರ ಸುಳ್ಳು ಮುದ್ರೆಯ ಮಾಲನ್ನು ಮಾರುವವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವುಂಟು ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಅವನಿಗೆ ಅದು ತಾಗಲಿಲ್ಲ.

ತಾಗಿಸಿದವರು ಅಜ್ಜಿ. ಮೊರದಲ್ಲಿ ಮೆಣಸು ಕೇರುತ್ತಿದ್ದವರು ಕತ್ತೆತ್ತದೆ ಕೇಳಿದರು: "ಕೊಳ್ಳೋನಿಗೂ ಒಂದ್ ನಾಯಿ ಇರ್ತದೇನ್ಲಾ?"

ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನಿನಲ್ಲಿ ಬರೆದಿದ್ದನ್ನು ಅಳಿಸಿದ. ಮೂಟೆಗಳ ಮೇಲೆ ಹೆಸರು ಬರೆಯುವ ಮಾರ್ಕರ್ ಪೆನ್ನನ್ನು ಅಪ್ಪನ ಮೇಜಿನಿಂದ ತಂದು, ಕ್ಯಾಸೆಟ್ಟಿನ ಚೀಟಿಯ ಮೇಲೆ ಅಡ್ಡಲಾಗಿ "ನಕಲಿ" ಎಂದು ದಪ್ಪಕ್ಷರದಲ್ಲಿ ಬರೆದ. ಇನ್ನು ಅದನ್ನು ಯಾರಿಗೂ ಮಾರುವಂತಿರಲಿಲ್ಲ.

ಅನಂತರ ನಾವಿಬ್ಬರೂ ದಿಬ್ಬ ಹತ್ತಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಬಂದ ನಿಯಮಗಳಂತೆ ಇಂಥ ಆನ್‌ಲೈನ್ ಅಂಗಡಿಗಳು ಮಾರುವವನ ಹೆಸರು ವಿಳಾಸಗಳನ್ನು ತೋರಿಸಬೇಕು, ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಎರಡು ಕ್ಯಾಸೆಟ್ಟುಗಳನ್ನೂ ಅಕ್ಕಪಕ್ಕ ಇಟ್ಟು ಹಾಸ್ಟೆಲಿನಲ್ಲಿ ತೆಗೆದ ಚಿತ್ರಗಳನ್ನು ಕಳಿಸಿದೆವು. ಹತ್ತೊಂಬತ್ತು ದಿನಗಳ ಮೇಲೆ 1,499 ರೂಪಾಯಿ ಅಪ್ಪನ ಖಾತೆಗೆ ಬಂತು. ಅಪ್ಪ ಅದನ್ನು ನೋಟುಗಳಾಗಿ ತಂದು ತಮ್ಮನ ಕೈಯಲ್ಲಿಟ್ಟರು. ಹಣ ಬಂತು, ಅರವತ್ತೊಂದು ಗಂಟೆ ಬರಲಿಲ್ಲ. ಅದಕ್ಕೆ ಯಾವ ಸಹಾಯವಾಣಿಯೂ ಇಲ್ಲ. ಮಾರಿದವನ ಹೆಸರು ಆ ಅಂಗಡಿಯಿಂದ ಮಾಯವಾಯಿತು. ಎರಡೇ ವಾರದಲ್ಲಿ ಅದೇ ಹಸಿರು ಚಿತ್ರ ಬೇರೊಂದು ಹೆಸರಿನ ಕೆಳಗೆ ಕಾಣಿಸಿಕೊಂಡಿತು.

ಕೊಂಡವರು ತಮ್ಮ ಅಭಿಪ್ರಾಯ ಬರೆಯಲು ಅಲ್ಲಿ ಜಾಗವಿರುತ್ತದೆ. ಹಳೆಯ ಹೆಸರಿನ ಕೆಳಗೆ ಅವನು ಬರೆದದ್ದು ಆ ಹೆಸರಿನೊಂದಿಗೇ ಅಳಿದುಹೋಗಿತ್ತು. ಆದ್ದರಿಂದ ಈ ಸಲ ಅವನು ಬೇರೆ ರೀತಿ ಬರೆದ. ಆನ್‌ಲೈನಿನಲ್ಲಿ ಹಳೆಯ ಆಟ ಕೊಳ್ಳುವ ಮೊದಲು ನೋಡಬೇಕಾದ ಗುರುತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಚಿತ್ರ ಬಿಡಿಸಿ, ತನ್ನ ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿದ. ಕವಚದ ಬಣ್ಣ, ಒತ್ತಿದ ಎರಡಂಕೆ, ಹಲಗೆಯ ಮೇಲಿನ ಹೆಸರು. ಹಿಂಬದಿಯ ಚಿತ್ರವನ್ನು ಕೇಳಿ ಪಡೆಯುವುದು. ಹೊಸದೆಂದು ಹೇಳಿ ಹಳೆಯದರ ಸಬೂಬು ಕೊಡುವವನನ್ನು ನಂಬದಿರುವುದು. ಎಲ್ಲಕ್ಕಿಂತ ಮೇಲೆ ತಲೆಬರಹವಾಗಿ "ನೀರಿಗೆ ಹಾಕಿ ನೋಡಿ" ಎಂದಿತ್ತು. ಇದೇನಯ್ಯಾ, ನೀರಿಗೆ ಹಾಕಿದರೆ ಯಂತ್ರ ಕೆಡುವುದಿಲ್ಲವೇ ಎಂದು ಅವನ ವಿಜ್ಞಾನದ ಮೇಷ್ಟ್ರು ಕೇಳಿದರಂತೆ. ಅವರು ಬಯಲುಸೀಮೆಯಿಂದ ಬಂದವರು, ಮೆಣಸು ಬೆಳೆದವರಲ್ಲ ಎಂದು ತಮ್ಮ ನನಗೆ ಸಮಾಧಾನ ಹೇಳಿದ.